ಗಾಡಿಯ ವಯಸ್ಸು ಕೇಳಬೇಡಿ, ಹೊಗೆ ನೋಡಿ

ನಮ್ಮ ಮನೆಯ ಮಾರುತಿ ಕಾರಿಗೆ 2025ರ ಜೂನ್‌ನಲ್ಲಿ ಹದಿನೈದು ತುಂಬಿತು. ಮಕ್ಕಳಿಗೆ ಹದಿನೈದು ತುಂಬಿದರೆ ಎಸ್ಸೆಸ್ಸೆಲ್ಸಿ, ದೆಹಲಿಯಲ್ಲಿ ಕಾರಿಗೆ ತುಂಬಿದರೆ ಗುಜರಿ! ಜುಲೈ ಒಂದರಿಂದ ಇಂಥ ಗಾಡಿಗಳಿಗೆ ಪೆಟ್ರೋಲೇ ಹಾಕಬಾರದೆಂದು ಬಂಕುಗಳಲ್ಲಿ ಕ್ಯಾಮೆರಾ ಕೂರಿಸಿದರು. ಗಲಾಟೆಯಾಗಿ ವಾರ ಕಳೆಯುವಷ್ಟರಲ್ಲಿ ಮುಂದೂಡಿದ್ದೂ ಆಯಿತು. ಆ ವಾರ ಕಾರನ್ನು ಹೊರಗೆ ತೆಗೆಯದೆ ಮೆಟ್ರೋದಲ್ಲಿ ಬ್ಯಾಂಕಿಗೆ ಹೋಗುತ್ತಾ ನನಗೆ ನೆನಪಾದದ್ದು ಕಾರಲ್ಲ, ಒಂದು ಎರವಲು ಯೆಜ್ಡಿ.

2008ರ ಫೆಬ್ರವರಿ. ನಮ್ಮ ಶಾಖೆಯಲ್ಲಿದ್ದ ದಾವಣಗೆರೆಯ ಗೆಳೆಯನಿಗೆ ಆಗ್ರಾಗೆ ವರ್ಗವಾಗಿತ್ತು. ಭಾನುವಾರ ಅವನ ಮಗನ ನಾಮಕರಣ. ಆ ಊರಲ್ಲಿ ಅವನಿಗೆ ನಮ್ಮವರೆನ್ನುವವರು ಯಾರೂ ಇಲ್ಲ, ಬರುತ್ತೇನೆ ಅಂತ ಮಾತು ಕೊಟ್ಟಿದ್ದೆ. ರೈಲಿನ ಟಿಕೆಟ್ ಸಿಗಲಿಲ್ಲ. ಸೋಮವಾರ ರಜೆಯೂ ಇಲ್ಲ. ಕೆಳಮನೆಯ ರಾಯರ ಹತ್ತಿರ ಗೋಳು ಹೇಳಿಕೊಂಡೆ. ಮೈಸೂರಿನವರು, ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು. "ನನ್ನ ಗಾಡಿ ತಗೊಂಡು ಹೋಗಪ್ಪಾ" ಅಂದುಬಿಟ್ಟರು.

ನನಗೆ ನಂಬಿಕೆಯೇ ಬರಲಿಲ್ಲ. ಅದು 1984ರ ಯೆಜ್ಡಿ ರೋಡ್‌ಕಿಂಗ್. ರಾಯರು ಹೆಂಡತಿ ಮಕ್ಕಳನ್ನು ಬಿಟ್ಟರೆ ಇನ್ನೊಬ್ಬರನ್ನು ಅದರ ಮೇಲೆ ಕೂರಿಸಿದ್ದನ್ನು ನಾನು ಕಂಡಿರಲಿಲ್ಲ. ದೆಹಲಿಯಲ್ಲಿದ್ದುಕೊಂಡು ಯಾಕೆ ಯೆಜ್ಡಿ ಅಂದರೆ, "ನಮ್ಮೂರಿನ ಗಾಡಿ ಕಣಯ್ಯಾ" ಅನ್ನುತ್ತಿದ್ದರು. ನಿಜವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. ನಾನು ಹೋಲ್ಡಾಲು ಹೊತ್ತು ದೆಹಲಿಗೆ ಬಂದಿಳಿದ ವರ್ಷವೇ ಅದು ಬಾಗಿಲು ಹಾಕಿದ್ದು.

ಬೀಗದಕೈ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟರು. ಗಾಡಿ ಕೊಂಡ ದಿನದಿಂದ ಹಾಕಿಸಿದ ಪ್ಲಗ್, ಬದಲಿಸಿದ ಚೈನು, ಸೈಲೆನ್ಸರಿನ ಕಾರ್ಬನ್ ತೆಗೆಸಿದ ತಾರೀಖು, ಎಲ್ಲಾ ಬರೆದಿಟ್ಟಿದ್ದರು. ನಮ್ಮ ಬ್ಯಾಂಕಿನ ಲೆಡ್ಜರುಗಳೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ ಬಿಡಿ. "ಪೆಟ್ರೋಲ್ ತುಂಬಿಸಿ ತರಬೇಕು ಅಂತೇನಿಲ್ಲ. ದಾರೀಲಿ ಏನಾಯ್ತೋ ಒಂದೂ ಬಿಡದೆ ಇದರಲ್ಲಿ ಬರೀಬೇಕು, ಅಷ್ಟೇ" ಅಂದರು.

ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಎಡಗಡೆ ಇರುವುದು ಒಂದೇ ಲಿವರ್. ಬೆಳಗಿನ ಐದೂವರೆಗೆ ಚಳಿಯಲ್ಲಿ ನಾಲ್ಕನೇ ಕಿಕ್ಕಿಗೆ ಎದ್ದಿತು. ಅಕ್ಕಪಕ್ಕದವರೂ ಎದ್ದರು.

ಬಂಕಿನಲ್ಲಿ ಟೂ-ಟಿ ಆಯಿಲ್ ಬೆರೆಸಿಯೇ ಪೆಟ್ರೋಲ್ ಹಾಕಿದರು. ಪರರ ಗಾಡಿ, ಅದೂ ಮುದಿ ಗಾಡಿ, ಎಂಜಿನ್ ಎಲ್ಲಿ ಜಾಮ್ ಆಗಿಬಿಡುತ್ತದೋ ಅಂತ ನನಗೆ ಭಯ. ಜೊತೆಗಿದ್ದ ಡಬ್ಬಿಯಿಂದ ನಾನೂ ಇನ್ನಷ್ಟು ಆಯಿಲ್ ಸುರಿದೆ. ಬುದ್ಧಿವಂತಿಕೆ ನೋಡಿ!

ಬದರ್‌ಪುರ್ ಗಡಿಯಲ್ಲಿ ಲಾರಿಗಳ ಸಾಲು. ಹಿಂದೆ ಒಬ್ಬ ಸ್ಕೂಟರಿನವನು, ಮುಂದೆ ನಿಂತಿದ್ದ ಅವನ ಪುಟ್ಟ ಮಗ ಮಂಕಿ ಕ್ಯಾಪಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿತ್ತು. "ಭಾಯಿಸಾಬ್, ಧುಆಂ!" ಅಂತ ಅಪ್ಪ ಕೂಗಿದ. ನಾನು ಯಾವ ಲಾರಿಯ ಹೊಗೆ ಅಂತ ಸುತ್ತ ನೋಡಿದೆ. ಲಾರಿಯದಲ್ಲ, ನನ್ನದೇ. ಎರಡು ಸೈಲೆನ್ಸರುಗಳಿಂದಲೂ ಬೆಳ್ಳಗೆ ಹೊಗೆ, ನೇರ ಆ ಮಗುವಿನ ಮುಖಕ್ಕೆ.

ಫರೀದಾಬಾದ್, ಪಲ್ವಲ್ ದಾಟಿದೆ. ಹೊಡಲ್ ಹತ್ತಿರ ಗಾಡಿ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಅರ್ಧ ಕಿಲೋಮೀಟರು ತಳ್ಳಿದ ಮೇಲೆ ಒಂದು ಪಂಕ್ಚರ್ ಅಂಗಡಿ. ಮುದುಕ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದ, ಎಣ್ಣೆಯಲ್ಲಿ ಅದ್ದಿ ತೆಗೆದ ಬೋಂಡದಂತಿತ್ತು. "ಗಾಡಿ ಠೀಕ್ ಹೈ ಬಾಬೂಜಿ, ತೇಲ್ ಜ್ಯಾದಾ ಪಿಲಾ ದಿಯಾ" ಅಂದ. ಗಾಡಿ ಸರಿಯಾಗಿಯೇ ಇದೆ, ನೀವೇ ಎಣ್ಣೆ ಹೆಚ್ಚು ಕುಡಿಸಿದ್ದೀರಿ ಅಂತ. ಟ್ಯಾಂಕಿನಿಂದ ಅರ್ಧ ಪೆಟ್ರೋಲ್ ಇಳಿಸಿ, ಪ್ಲಗ್ಗನ್ನು ಮರಳು ಕಾಗದದಲ್ಲಿ ಉಜ್ಜಿ, ಎದುರಿನ ಬಂಕಿನಿಂದ ಬರೀ ಪೆಟ್ರೋಲ್ ತಂದು ತುಂಬಿದ. ಮೊದಲ ಕಿಕ್ಕಿಗೇ ಹೊರಟಿತು. ಹೊಗೆ ಎಲ್ಲೋ ತೆಳುವಾಗಿ, ಊದುಬತ್ತಿಯಷ್ಟು.

ಕೋಸಿ, ಮಥುರಾ ಹಾದು ಹನ್ನೆರಡಕ್ಕೆ ಆಗ್ರಾ. ತೊಟ್ಟಿಲು ತೂಗಿದ್ದಾಯಿತು, ಗೆಳೆಯನ ಅಮ್ಮ ಬಡಿಸಿದ ಹೋಳಿಗೆ ಊಟವಾಯಿತು. ತಾಜ್ ಮಹಲ್ ನೋಡಲಿಲ್ಲ, ನೋಡಲು ಹೊತ್ತೂ ಇರಲಿಲ್ಲ. ಎರಡಕ್ಕೆ ಹೊರಟು, ಪಲ್ವಲ್‌ನಿಂದ ಈಚೆಗೆ ಕತ್ತಲಲ್ಲಿ ಮಂಕು ಹೆಡ್‌ಲೈಟ್ ನಂಬಿಕೊಂಡು, ರಾತ್ರಿ ಒಂಬತ್ತಕ್ಕೆ ಕರೋಲ್ ಬಾಗ್ ಸೇರಿದೆ. ಹೋಗಿಬಂದದ್ದು ಸುಮಾರು ನಾನೂರೈವತ್ತು ಕಿಲೋಮೀಟರು. ಸೊಂಟ ಎಲ್ಲಿದೆ ಅಂತ ಮೂರು ದಿನ ಚೆನ್ನಾಗಿ ಗೊತ್ತಾಯಿತು.

ರಾಯರು ಇನ್ನೂ ಮಲಗಿರಲಿಲ್ಲ. ಸೈಲೆನ್ಸರಿನ ತುದಿಗೆ ಬೆರಳಿಟ್ಟು ಒರೆಸಿ ನೋಡಿದರು, ಏನೂ ಕೇಳಲಿಲ್ಲ, ನೋಟ್‌ಬುಕ್ ಮುಂದೆ ತಳ್ಳಿದರು. ಆಯಿಲ್ ಸುರಿದದ್ದನ್ನು ಬರೆದೆ. ಮಗು ಕೆಮ್ಮಿದ್ದನ್ನೂ ಬರೆದೆ. ಓದಿ, "ಗಾಡೀದು ತಪ್ಪಿಲ್ಲ ಬಿಡು" ಅಂದರು. ಅಂದರೆ ತಪ್ಪು ಯಾರದು ಅಂತ ಬಾಯಿಬಿಟ್ಟು ಹೇಳಲಿಲ್ಲ.

ಈ ಪುರಾಣವೆಲ್ಲ ಯಾಕೆ ಅಂತೀರಾ? ಅವತ್ತು ಒಂದೇ ಗಾಡಿ, ಒಂದೇ ದಿನ, ಬೆಳಗ್ಗೆ ಮಗುವನ್ನು ಕೆಮ್ಮಿಸಿತು, ಮಧ್ಯಾಹ್ನ ಸುಮ್ಮನೆ ಓಡಿತು. ಅದರ ವಯಸ್ಸು ಎರಡೂ ಹೊತ್ತಿಗೆ ಇಪ್ಪತ್ನಾಲ್ಕೇ. ಆದರೆ ನಮ್ಮ ಕಾನೂನು ಕೇಳುವುದು ವಯಸ್ಸನ್ನು ಮಾತ್ರ. 2014ರ ನವೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಹದಿನೈದು ವರ್ಷ ದಾಟಿದ ಗಾಡಿಗಳು ದೆಹಲಿಯ ರಸ್ತೆಗಿಳಿಯಬಾರದು ಎಂದಿತು. ಮರುವರ್ಷ ಡೀಸೆಲ್ಲಿಗೆ ಹತ್ತೇ ವರ್ಷ ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್, ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕೂ ಹೊಸ ಮಾದರಿಗಳಿಗಷ್ಟೇ ಉಳಿಸಿತು. ದೆಹಲಿಗೆ ಬಿಎಸ್-4 ಬಂದದ್ದು 2010ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಕೊಂಡ ನನ್ನ ಕಾರು ಬಚಾವು. ಹಿಂದಿನ ವರ್ಷ ಕೊಂಡ ಪಕ್ಕದ ಮನೆಯವರದು ಇಲ್ಲ. ಅವರದನ್ನು ಅವರು ನನಗಿಂತ ಚೆನ್ನಾಗಿ ಇಟ್ಟುಕೊಂಡಿದ್ದಾರೆ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟವನು ನಾನು. ಖಾತೆ ಹಳೆಯದಾಯಿತು ಅಂತ ಯಾವ ಸಾಲವನ್ನೂ ನಾವು ಎನ್‌ಪಿಎ ಮಾಡುವುದಿಲ್ಲ. ಕಂತು ತೊಂಬತ್ತು ದಿನ ಮೀರಿ ಬಾಕಿ ಬಿದ್ದರೆ ಮಾಡುತ್ತೇವೆ. ನಿನ್ನೆ ಕೊಟ್ಟ ಸಾಲವೂ ಕೆಡಬಹುದು, ಇಪ್ಪತ್ತು ವರ್ಷದ ಗೃಹಸಾಲ ಬಂಗಾರದಂತಿರಬಹುದು. ಗಾಡಿಗೂ ಅದೇ ನ್ಯಾಯ ಯಾಕಿಲ್ಲ? ವರ್ಷಕ್ಕೊಮ್ಮೆ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಲಿ. ನಿಂತ ಗಾಡಿಯ ಎಂಜಿನ್ನನ್ನು ಅರೆಗಳಿಗೆ ಗುರುಗುಟ್ಟಿಸಿ ಕೊಡುವ ಚೀಟಿಯಲ್ಲ, ಓಡುವಾಗ ಅದು ಉಗುಳುವುದನ್ನು ಅಳೆಯುವ ಪರೀಕ್ಷೆ. ಫೇಲಾದರೆ ಐದು ವರ್ಷದ್ದಾದರೂ ಮನೆಗೆ ಹೋಗಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಆ ಪರೀಕ್ಷೆ ಬಂದರೆ ರಾಯರ ಯೆಜ್ಡಿ ಪಾಸಾಗುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನ ಗುಣವೇ ಹಾಗೆ, ಎಷ್ಟೇ ಮುತುವರ್ಜಿಯಿಂದ ಇಟ್ಟರೂ ಸ್ವಲ್ಪ ಪೆಟ್ರೋಲ್ ಸುಡದೆಯೇ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಬದರ್‌ಪುರದ ಆ ಮಗುವಿಗೆ ನನ್ನ ಅಭಿಮಾನದ ಲೆಕ್ಕವಿಲ್ಲ. ಈ ಊರಿನ ನವೆಂಬರ್ ಗಾಳಿ ಕುಡಿದವರು ಯಾರೂ ಇದಕ್ಕೆ ಎದುರಾಡಲಾರರು. ಸೋಲುವುದಾದರೆ ಕ್ಯಾಲೆಂಡರಿಗೆ ಸೋಲುವುದು ಬೇಡ, ಪರೀಕ್ಷೆಯಲ್ಲಿ ಸೋಲಲಿ ಅಂತಷ್ಟೇ ನನ್ನ ವಾದ.

2015ರಲ್ಲಿ ರಾಯರು ಕಾಗದಪತ್ರ ಮಾಡಿಸಿ, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ನಿಜಾಮುದ್ದೀನ್ ಸ್ಟೇಷನ್ನಿನ ಪಾರ್ಸೆಲ್‌ನಲ್ಲಿ ಗಾಡಿಯನ್ನು ಮೈಸೂರಿಗೆ ಕಳಿಸಿದರು. ಹುಟ್ಟಿದೂರಿಗೆ ಗಾಡಿ ಮೊದಲು ಹೋಯಿತು, ವರ್ಷದ ಮೇಲೆ ಅವರೂ ಮಗಳ ಮನೆಗೆ ಹೋದರು. ನನಗೆ ಅರವತ್ತಾಗಲು ಇನ್ನು ನಾಲ್ಕೇ ವರ್ಷ. ಬ್ಯಾಂಕು ನನ್ನ ಪ್ಲಗ್ ಬಿಚ್ಚಿ ನೋಡುವುದಿಲ್ಲ, ತಾರೀಖು ನೋಡಿ ಹಾರ ಹಾಕಿ ಕಳಿಸುತ್ತದೆ.

ನಿಮ್ಮ ಮನೆಯ ಹಳೇ ಗಾಡಿ ಎಲ್ಲಿದೆ? ಅದರ ನೋಟ್‌ಬುಕ್ ಯಾರಾದರೂ ಬರೆದಿಟ್ಟಿದ್ದಾರಾ?