ತೆಳ್ಳಗಿರುವುದು ರೋಗವೇ?

ಹತ್ತರಗಿಯ ಕಡೆ ಕೃಶಕಾಯದ ತರುಣನನ್ನು ಕಂಡೊಡನೆ ‘ಏನಪಾ, ಕಡ್ಡಿ ಆಗೀದಿ!’ ಎಂದು ಮರುಗುವವರೇ ಹೆಚ್ಚು. ಈ ಮರುಕಕ್ಕೆ ವಿಜ್ಞಾನದ ಆಧಾರವೆಷ್ಟು?

ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿ ಬಂದ ಸಂಖ್ಯೆ 18.5ಕ್ಕಿಂತ ಕಡಿಮೆಯಾದರೆ ವಯಸ್ಕರಿಗೆ ತೂಕ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. 170 ಸೆಂ.ಮೀ. ಎತ್ತರದ, 52 ಕಿ.ಗ್ರಾಂ. ತೂಕದ ತರುಣನಿಗೆ ಅದು 18. ಆದರೆ ತಕ್ಕಡಿಯು ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಿ ತೂಗಲಾರದು. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ಯುಡ್ಕಿನ್ನರೂ 2004ರಲ್ಲಿ ತಮ್ಮ ದೇಹಗಳನ್ನೇ ಇದಕ್ಕೆ ನಿದರ್ಶನವಾಗಿಟ್ಟರು: ಇಬ್ಬರ ಸಂಖ್ಯೆಯೂ 22.3, ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2.

ಆದುದರಿಂದ ಸಂಖ್ಯೆಯೊಂದೇ ತೀರ್ಪಲ್ಲ. ಹಸಿವು, ನಿದ್ರೆ, ದುಡಿಮೆಯ ಶಕ್ತಿ ಕುಂದದೆ, ತೂಕ ಸ್ಥಿರವಾಗಿದ್ದರೆ ಕೃಶಕಾಯನೂ ಆರೋಗ್ಯವಂತನಾಗಿರಬಲ್ಲನು. ತೂಕ ಅಕಾರಣವಾಗಿ ಇಳಿಯುತ್ತ, ಕೆಮ್ಮು ಎರಡು ವಾರ ಮೀರಿದರೆ ಕಫಪರೀಕ್ಷೆಗೆ ತಡಮಾಡಲಾಗದು. ಕ್ಷಯವು ಔಷಧಕ್ಕೆ ಮಣಿಯುವ ರೋಗ.