ಹುಲ್ಲುಹಾಸು ಬೇಡ, ಮಳೆಬೋರ್ಡು ನೆಡಿ

ಬಿಳಿಚೋಡು ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರು, ಶಾಲೆಗಳ ಎಸ್‌ಡಿಎಂಸಿಯವರು, ಮಹಿಳಾ ಸಂಘಗಳು ಹಾಗೂ ಸಮಸ್ತ ಗ್ರಾಮಸ್ಥರಲ್ಲಿ ಒಂದು ಬಿನ್ನಹ

ಪಾರ್ಕು ಅಂದಕೂಡಲೇ ನಮ್ಮೆಲ್ಲರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ. ಕಬ್ಬಿಣದ ಗೇಟು, ಸುತ್ತ ತಂತಿಬೇಲಿ, ನಡುವೆ ಹುಲ್ಲುಹಾಸು, ಬಣ್ಣದೆಲೆಯ ಕ್ರೋಟನ್ ಗಿಡಗಳ ಸಾಲು, ಸಿಮೆಂಟಿನ ಅಣಬೆಯಾಕಾರದ ಕೊಡೆ, ಒಂದಷ್ಟು ವ್ಯಾಯಾಮದ ಸಲಕರಣೆ, ಮುಂದೆ ಉದ್ಘಾಟಕರ ಹೆಸರು ಕೆತ್ತಿದ ಕಲ್ಲು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹುಲ್ಲು ಒಣಗುತ್ತದೆ, ಸಲಕರಣೆಯ ಬೋಲ್ಟು ಕಳಚುತ್ತದೆ, ಕಲ್ಲು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಜಗಳೂರು ತಾಲ್ಲೂಕಿನಂಥ ಬೆಂಗಾಡಿನಲ್ಲಿ ಈ ಮಾದರಿಯನ್ನು ನಕಲು ಮಾಡುವುದು ದುಡ್ಡಿಗೂ ದಂಡ, ನೀರಿಗೂ ದಂಡ. ಊರಿನ ಹಸಿರು ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿದೆ. ಅದು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕೂತು ಮಳೆ, ಮಣ್ಣು, ಮರ, ನೀರನ್ನು ಅಳೆದು, ಬರೆದಿಟ್ಟು ಕಲಿಯುವ ಬಯಲು ಶಾಲೆಯಾಗಬೇಕು ಎಂಬುದು ಈ ಕರಪತ್ರದ ವಾದ.

‘ನಮ್ಮೂರಲ್ಲಿ ಪಾರ್ಕೇ ಇಲ್ಲವಲ್ಲ, ಇದೆಲ್ಲ ಪಟ್ಟಣದವರ ಮಾತು’ ಎನ್ನುವವರಿಗೆ ಮೊದಲು ಉತ್ತರ ಹೇಳಬೇಕು. ಪಟ್ಟಣದವರು ನಿವೇಶನಗಳ ನಡುವೆ ಗುಂಟೆ ಲೆಕ್ಕದಲ್ಲಿ ಉಳಿಸಿಕೊಂಡದ್ದಕ್ಕೆ ಪಾರ್ಕು ಎಂದು ಹೆಸರಿಟ್ಟರು. ಹಳ್ಳಿಯ ಪಹಣಿಗಳಲ್ಲಿ ಗುಂಡುತೋಪು, ಗೋಮಾಳ, ಕೆರೆಯಂಗಳ ಎಂದು ಬರೆದಿರುವುದು ಅದಕ್ಕಿಂತ ಹಳೆಯದು, ಅದಕ್ಕಿಂತ ವಿಶಾಲವಾದದ್ದು. ಅರಳಿಕಟ್ಟೆ, ಕೆರೆ ಏರಿ, ಹಳ್ಳದ ದಡ, ಶಾಲೆಯ ಹಿಂಬದಿ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ. ಇಂಥ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಿ ಗ್ರಾಮಸ್ಥರ ಬಳಕೆಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಆದರೆ ಬಳಕೆಯಿಲ್ಲದೆ ಬಿದ್ದ ಜಾಗವನ್ನು ಕಾಯುವವರು ಯಾರು? ದಿನಕ್ಕೆ ಹತ್ತು ಜನ ಒಂದು ಕೆಲಸವಿಟ್ಟುಕೊಂಡು ಹೋಗಿಬರುವ ತೋಪಿಗೆ ರಾತ್ರೋರಾತ್ರಿ ಕಲ್ಲು ನೆಡಲು ಯಾರಿಗೂ ಧೈರ್ಯ ಬರುವುದಿಲ್ಲ.

ತೋಟವನ್ನು ಪಾಠಶಾಲೆ ಮಾಡುವುದು ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗು 1760ರಲ್ಲಿ ಹೈದರಾಲಿಯ ತೋಟವಾಗಿ ಶುರುವಾಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಹೊರನಾಡಿನ ಗಿಡಗಳನ್ನು ತಂದು ನೆಟ್ಟು, ನಮ್ಮ ಮಣ್ಣಿಗೆ ಒಗ್ಗುತ್ತವೆಯೇ ಎಂದು ನೋಡುವುದೇ ಅದರ ಕೆಲಸವಾಗಿತ್ತು. ಅಲ್ಲಿ ಇವತ್ತಿಗೂ ಮರಗಳ ಪರಿಚಯ ಮಾಡಿಸುವ ಕಾಲ್ನಡಿಗೆಗಳು ನಡೆಯುತ್ತವೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎಂಬ ಫಲಕ ಓದಿ ಮಕ್ಕಳು ಬೆರಗಾಗುತ್ತಾರೆ. 2023ರಿಂದ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಶನಿವಾರ ಜನ ಹುಲ್ಲಿನ ಮೇಲೆ ಚಾಪೆ ಹಾಸಿ ಸುಮ್ಮನೆ ಪುಸ್ತಕ ಓದುತ್ತಾರೆ, ಅದನ್ನು ನೋಡಿ ಬೇರೆ ಬೇರೆ ಊರುಗಳವರೂ ಶುರುಮಾಡಿದ್ದಾರೆ. ಇದಕ್ಕೆಲ್ಲ ಬೆಂಗಳೂರಿನ ಮುದ್ರೆ ಇದೆ ಎಂದು ಮುಖ ತಿರುಗಿಸುವವರು ಪುತ್ತೂರಿನ ಬಾಲವನವನ್ನು ನೆನೆಯಲಿ. ಶಿವರಾಮ ಕಾರಂತರು 1930ರ ದಶಕದಲ್ಲಿ, ಗೋಡೆಗಳ ನಡುವೆ ಉರುಹೊಡೆಯುವ ಓದಿನಿಂದ ಮಕ್ಕಳನ್ನು ಬಿಡಿಸಲೆಂದೇ, ಮರಗಳ ನಡುವೆ ಕಟ್ಟಿದ ಜಾಗ ಅದು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಸುತ್ತುತ್ತ ಸಸ್ಯಶಾಸ್ತ್ರ ಕಲಿಸಿದ ಮೇಷ್ಟರ ಪುಸ್ತಕ ಅದು. ಕೊಠಡಿಯಲ್ಲೇ ಕೂತಿದ್ದರೆ ಆ ಪುಸ್ತಕ ಹುಟ್ಟುತ್ತಿರಲಿಲ್ಲ.

ನಮ್ಮ ಹೋಬಳಿಯಲ್ಲಿ ಎಲ್ಲಿಂದ ಶುರುಮಾಡುವುದು? ಮಳೆಯಿಂದ. ಜೋಳ, ಶೇಂಗಾ, ಈರುಳ್ಳಿ, ತೊಗರಿ ಏನೇ ಹಾಕಿದರೂ ಇಲ್ಲಿಯ ರೈತನ ಬದುಕು ಆಕಾಶ ನೋಡಿಕೊಂಡೇ ಸಾಗುವುದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದೂ, ‘ಆರಿದ್ರಾ ಮಳೆ ಆರದೆ ಹುಯ್ಯುತ್ತೆ’ ಎಂದೂ ಹಿರಿಯರು ಒಂದೊಂದು ಮಳೆಯ ಗುಣವನ್ನು ಮಾತಿಗೆ ಇಳಿಸಿಟ್ಟಿದ್ದಾರೆ. ಕಟ್ಟೆಯ ಪಕ್ಕದಲ್ಲಿ ಒಂದು ಕರಿಹಲಗೆ ನಿಲ್ಲಿಸೋಣ. ಎಡಗಡೆ ಅಶ್ವಿನಿಯಿಂದ ಸ್ವಾತಿಯವರೆಗೆ ಮಳೆಗಳ ಹೆಸರು, ಬಲಗಡೆ ಬಿದ್ದ ಮಳೆಯ ಮಿಲಿಮೀಟರು. ಅಳೆಯಲು ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿ, ಪಕ್ಕಕ್ಕೆ ಶಾಲೆಯ ಸ್ಕೇಲು ಅಂಟಿಸಿದರೆ ಸಾಕು. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಹಾಗಾಗಿ ಮೊದಲೇ ಸ್ಕೇಲಿನ ಸೊನ್ನೆಯ ಗೆರೆಯವರೆಗೆ ನೀರು ತುಂಬಿಡಬೇಕು. ಮರದ ಕೆಳಗೆ, ಗೋಡೆಯ ಮಗ್ಗುಲಿಗೆ ಇಡಬಾರದು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ಶಾಲೆಯ ಗಂಟೆ ಹೊಡೆಯುವ ಮೊದಲು ಇಬ್ಬರು ಮಕ್ಕಳು ಅದೇ ಹೊತ್ತಿಗೆ ನೋಡಿ ಹಲಗೆಯ ಮೇಲೆ ಬರೆಯಬಹುದು.

ಇಷ್ಟು ಸಣ್ಣ ಕೆಲಸದ ಒಳಗೆ ಎಷ್ಟು ಪಾಠ ಅಡಗಿದೆ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಅಂದರೆ ಸರಿಯಾಗಿ ಒಂದು ಲೀಟರು. ಎಕರೆಗೆ ಸುಮಾರು 4,047 ಚದರ ಮೀಟರು. ಹಾಗಾದರೆ 25 ಮಿಲಿಮೀಟರಿನ ಒಂದು ಒಳ್ಳೆಯ ಹದಮಳೆ ಎಕರೆ ಹೊಲದ ಮೇಲೆ ಸುರಿಯುವುದು ಒಂದು ಲಕ್ಷ ಲೀಟರು ನೀರು. ಈ ಗುಣಾಕಾರವನ್ನು ಆರನೇ ತರಗತಿಯ ಹುಡುಗಿ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮಾಡಿ ತೋರಿಸಿದರೆ, ಬದು ಹಾಕುವ ಮಾತು ಅವಳ ಅಪ್ಪನಿಗೆ ಬೇರೆಯದೇ ರೀತಿಯಲ್ಲಿ ಕೇಳಿಸುತ್ತದೆ. ದಿನಕ್ಕೆ 2.5 ಮಿಲಿಮೀಟರು ಇಲ್ಲವೇ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಸರ್ಕಾರಿ ಲೆಕ್ಕದಲ್ಲಿ ಅದು ‘ಮಳೆದಿನ’ ಎಂಬುದೂ ಎಲ್ಲರಿಗೂ ತಿಳಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದ್ದು ಇಂಥ ಅಂಕಿಗಳನ್ನು ಇಟ್ಟುಕೊಂಡೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳನ್ನು ಇಟ್ಟಿದೆ. ಬೆಳೆವಿಮೆಯ ಕೆಲವು ಬಗೆಗಳಲ್ಲಿ ಪರಿಹಾರ ಸಿಗುವುದೂ ಬಿಡುವುದೂ ಆ ಯಂತ್ರದ ಮಾತಿನ ಮೇಲೆ. ಬಾಟಲಿಯ ಲೆಕ್ಕವನ್ನು ವಿಮಾ ಕಂಪನಿ ಒಪ್ಪುವುದಿಲ್ಲ, ನಿಜ. ಆದರೆ ಯಂತ್ರ ಹೇಳುವುದಕ್ಕೂ ಮೂರು ಊರಿನ ಹಲಗೆಗಳು ಹೇಳುವುದಕ್ಕೂ ಅಜಗಜಾಂತರವಿದ್ದರೆ, ಯಂತ್ರವನ್ನು ಬಂದು ಪರೀಕ್ಷಿಸಿ ಎಂದು ದಿನಾಂಕ ಸಮೇತ ಕೇಳಬಹುದು. ಬರೀ ‘ನಮ್ಮ ಕಡೆ ಮಳೆಯೇ ಆಗಿಲ್ಲ ಸ್ವಾಮಿ’ ಎಂಬ ಗೋಳಿಗೂ ಈ ಪ್ರಶ್ನೆಗೂ ತೂಕದಲ್ಲಿ ವ್ಯತ್ಯಾಸವಿದೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ನಮ್ಮ ಸೀಮೆಗೆ ತರುವ 57 ಕೆರೆಗಳ ಯೋಜನೆಯ ವಿಚಾರದಲ್ಲೂ ಅಷ್ಟೆ. ತೂಬಿನ ಹತ್ತಿರ ಅಳತೆಯ ಗೆರೆ ಬರೆದ ಒಂದು ಕಲ್ಲು ನೆಟ್ಟರೆ, ಎಷ್ಟು ಬಂತು, ಎಷ್ಟು ದಿನ ನಿಂತಿತು, ಬೇಸಿಗೆಯಲ್ಲಿ ಎಷ್ಟು ಇಳಿಯಿತು ಎಂಬುದಕ್ಕೆ ಊರಿನದೇ ಲೆಕ್ಕ ಇರುತ್ತದೆ.

ಮರಗಳ ಕಡೆ ಬನ್ನಿ. ‘ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ’ ಎಂದು ಒಳಗೊಂದು ಹೊರಗೊಂದು ಇರುವ ಮನುಷ್ಯನನ್ನು ಆಡಿಕೊಳ್ಳುತ್ತೇವೆ. ಆ ಹಣ್ಣನ್ನೇ ಒಮ್ಮೆ ಕಟ್ಟೆಯ ಮೇಲೆ ಬಿಡಿಸಿ ಮಕ್ಕಳಿಗೆ ತೋರಿಸಿ. ನಾವು ಹಣ್ಣೆನ್ನುವುದು ನೂರಾರು ಪುಟ್ಟ ಹೂಗಳನ್ನು ಒಳಮುಖವಾಗಿ ತುಂಬಿದ ಚೀಲ. ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಎಳ್ಳಿಗಿಂತ ಸಣ್ಣ ಹೆಣ್ಣು ಕಣಜ ಆ ತೂತಿನೊಳಗೆ ನುಸುಳುವಾಗ ರೆಕ್ಕೆ ಮುರಿದುಕೊಳ್ಳುತ್ತದೆ, ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಹುಟ್ಟಿದ ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅದು ಹೆಣ್ಣನ್ನು ಕೂಡಿ, ಹೊರಗೆ ಹೋಗಲು ದಾರಿ ಕೊರೆದುಕೊಟ್ಟು ಮುಗಿಯುತ್ತದೆ. ಹೆಣ್ಣು ಪರಾಗ ಹೊತ್ತು ಮತ್ತೊಂದು ಕಾಯಿ ಹುಡುಕಿ ಹಾರುತ್ತದೆ. ಅತ್ತಿಗೆ ಒಂದು ಜಾತಿಯ ಕಣಜ, ಆಲಕ್ಕೆ ಇನ್ನೊಂದು, ಅರಳಿಗೆ ಮತ್ತೊಂದು. ಹುಳ ಇಲ್ಲದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಮುಂದಿನ ಮರವಿಲ್ಲ. ಗಾದೆಯ ಹುಳ ಕೊಳೆತದ್ದರ ಗುರುತಾಗಿತ್ತು. ಬಿಡಿಸಿ ನೋಡಿದವರಿಗೆ ಅದೇ ಮರದ ವಂಶ ಕಾಯುವ ಜೀವವಾಗಿ ಕಾಣುತ್ತದೆ. ಇದಕ್ಕೆ ಲ್ಯಾಬೂ ಬೇಡ, ಅನುದಾನವೂ ಬೇಡ. ಒಂದು ಬ್ಲೇಡು, ಒಂದು ಭೂತಗನ್ನಡಿ ಸಾಕು. ಕಲ್ಲಿನ ಪಾಠ ಬೇಕೆಂದರೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ದಿಂಬು ಪೇರಿಸಿದಂತೆ ಕಾಣುವ ಲಾವಾಶಿಲೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಹೆಪ್ಪುಗಟ್ಟಿದ್ದು. ಹನಿ ನೀರಿಗೂ ಬಾಯಿಬಿಡುವ ಈ ಸೀಮೆ ಒಂದು ಕಾಲಕ್ಕೆ ಕಡಲಡಿ ಇತ್ತು ಎಂಬುದನ್ನು ಮಕ್ಕಳು ಪುಸ್ತಕದಲ್ಲಿ ಓದುವುದು ಬೇರೆ, ಕಲ್ಲನ್ನು ಮುಟ್ಟಿ ತಿಳಿಯುವುದು ಬೇರೆ.

ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಳಿಗಳ ಜನತಾ ದಾಖಲೆಯನ್ನು ಊರಿನವರ ಜೊತೆ ಕೂತು ಬರೆಯಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವು ಹಾಕಿತು. ಗಡುವಿನ ಆತುರದಲ್ಲಿ ತುಂಬಿಸುವ ಪುಸ್ತಕ ಹೇಗಿರುತ್ತದೆಂದು ಕಚೇರಿ ಕಂಡ ಯಾರಿಗೂ ಹೇಳಬೇಕಿಲ್ಲ. ಆ ಪುಸ್ತಕವನ್ನು ಬೀರುವಿನಿಂದ ಹೊರತೆಗೆದು ತೋಪಿಗೆ ತಂದು, ಪುಟ ಪುಟವಾಗಿ ಊರವರ ಮುಂದೆ ಓದಿ, ತಪ್ಪು ತಿದ್ದಿ, ಬಿಟ್ಟದ್ದು ಸೇರಿಸುವುದಕ್ಕಿಂತ ದೊಡ್ಡ ಪಾಠ ಯಾವುದಿದೆ? ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರು ಕುರುಚಲು ಕಾಡು 2011ರಲ್ಲಿ ಕೊಂಡುಕುರಿಯ ಹೆಸರಿನಲ್ಲಿ ವನ್ಯಜೀವಿಧಾಮವಾಯಿತು. ನಾಲ್ಕು ಕೊಂಬಿನ ಆ ಪ್ರಾಣಿಯ ಹೆಸರನ್ನು ಹೋಬಳಿಯ ಎಷ್ಟು ಮಕ್ಕಳು ಬಲ್ಲರು? ಜಿರಾಫೆಯನ್ನು ಎಲ್ಲರೂ ಬಲ್ಲರು.

ಈಗ ಆಕ್ಷೇಪಗಳು. ಹೆತ್ತವರದು ಮೊದಲನೆಯದು: ಮಕ್ಕಳು ಬಯಲಿಗೆ ಹೋದರೆ ಓದು ಹಾಳು, ಎಸ್ಎಸ್ಎಲ್‌ಸಿ ಫಲಿತಾಂಶ ಕುಸಿಯುತ್ತದೆ. ಈ ಭಯವನ್ನು ಹಗುರವಾಗಿ ಕಾಣಬಾರದು, ಬಡವರ ಮಕ್ಕಳಿಗೆ ಅಂಕಪಟ್ಟಿಯೇ ಆಸ್ತಿ. ಆದರೆ ಸಾಕ್ಷ್ಯ ಬೇರೆಯೇ ಹೇಳುತ್ತದೆ. ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರನೇ ತರಗತಿಯ ಮಕ್ಕಳಿಗೆ ಹತ್ತು ವಾರ ಒಂದು ಪಾಠವನ್ನು ಹೊರಗೆ, ಒಂದನ್ನು ಒಳಗೆ ಮಾಡಿ ಹೋಲಿಸಿದರು. ಹೊರಗಿನ ಪಾಠ ಮುಗಿಸಿ ಒಳಗೆ ಬಂದ ಮೇಲಿನ ತರಗತಿಯಲ್ಲಿ, ‘ಇಲ್ಲಿ ನೋಡು, ಸುಮ್ಮನೆ ಕೂರು’ ಎಂದು ಮೇಷ್ಟರು ಪಾಠ ನಿಲ್ಲಿಸಿ ಗದರಬೇಕಾದ ಸಂದರ್ಭಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದ ಕೊನೆಗೆ ಬಯಲಿಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ದೋಷ ಬಂದಿತ್ತು, ಉಳಿದವರಲ್ಲಿ ಸುಮಾರು 40 ಮಂದಿಗೆ. ಬಿಸಿಲಿನ ಮಾತು ಒಪ್ಪತಕ್ಕದ್ದೇ. ನಮ್ಮ ಏಪ್ರಿಲ್ಲು ಅಮೆರಿಕದ ಏಪ್ರಿಲ್ಲಲ್ಲ. ಬೆಳಗಿನ ಮೊದಲ ಪೀರಿಯಡ್ಡು, ಹೊಂಗೆಯ ನೆರಳು, ಜೂನಿನಿಂದ ಫೆಬ್ರವರಿ, ಇಷ್ಟಕ್ಕೆ ಸೀಮಿತವಾಗಿರಲಿ. ಹಾವಿನ ಹೆದರಿಕೆಗೆ ಕುಳಿತುಕೊಳ್ಳುವ ಜಾಗದ ಕಸ ಕಿತ್ತು ಚೊಕ್ಕಟವಾಗಿಡುವುದೇ ಮದ್ದು.

‘ರೈತರ ಮಕ್ಕಳಿಗೆ ಗಿಡಮರ ತೋರಿಸಬೇಕೇ? ಮನೆಯಲ್ಲೇ ಬಲ್ಲರು’ ಎನ್ನುವವರಿದ್ದಾರೆ. ಬಲ್ಲವರು ಅಜ್ಜ ಅಜ್ಜಿಯರು. ಬೆರಕೆಸೊಪ್ಪಿಗೆ ಹೊಲದ ಬದುವಿನಿಂದ ಹತ್ತಾರು ಬಗೆ ಕಿತ್ತು ತರುವ ಅಜ್ಜಿಯ ಮೊಮ್ಮಗಳಿಗೆ ಎಷ್ಟು ಸೊಪ್ಪಿನ ಹೆಸರು ಗೊತ್ತೆಂದು ಮನೆಯಲ್ಲೇ ಕೇಳಿ ನೋಡಿ. ಬಯಲು ಶಾಲೆಯಲ್ಲಿ ಮೇಷ್ಟರ ಜೊತೆ ಆ ಅಜ್ಜಿಗೂ ಕುರ್ಚಿ ಹಾಕಬೇಕೆನ್ನುವುದು ಅದಕ್ಕೇ. ಅಕ್ಷರ ಬಾರದವಳು ಪಾಠ ಹೇಳುವುದನ್ನು ನೋಡುವುದೂ ಮಕ್ಕಳಿಗೆ ಒಂದು ಪಾಠ. ಕಲಿಕೆ ಒಮ್ಮುಖವಾಗದಿರಲಿ. ಅಜ್ಜಿಗೆ ಅತ್ತಿಯ ಕಣಜ ಹೊಸದು, ಹುಡುಗನಿಗೆ ಅಣ್ಣೆಸೊಪ್ಪು ಹೊಸದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನೀರಿನದು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಉದ್ಯಾನದ ಮಾತಾಡುವುದು ನಾಚಿಕೆಗೇಡಲ್ಲವೇ? ಹುಲ್ಲುಹಾಸಿನ ಮಾತಾಡಿದರೆ ಖಂಡಿತ ನಾಚಿಕೆಗೇಡು. ಬೇವು, ಹೊಂಗೆ, ಹುಣಸೆ, ಬನ್ನಿ, ಸೀತಾಫಲ, ಕಮರಗಳಿಗೆ ಮೊದಲ ಎರಡು ಬೇಸಿಗೆ ಕೊಡ ನೀರು ಕಂಡರೆ ಸಾಕು, ಆಮೇಲೆ ಅವು ಯಾರನ್ನೂ ಕೇಳುವುದಿಲ್ಲ. ಈಗಾಗಲೇ ನಿಂತಿರುವ ಮರಗಳಿಗೆ ಅದೂ ಬೇಡ. ಇಂಗುಗುಂಡಿ, ಬದು, ಗಿಡದ ಪಾತಿಯನ್ನು ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಮಾಡಿಸಲು ಬರುತ್ತದೆ. ಇಸ್ಪೀಟು, ಬಾಟಲಿಗಳ ತಕರಾರೂ ಇದ್ದದ್ದೇ. ಬೀಗ ಹಾಕಿದ ಪಾರ್ಕಿನ ಗೋಡೆ ಹಾರುವವರನ್ನು ಯಾರೂ ತಡೆದಿಲ್ಲ. ಬೆಳಿಗ್ಗೆ ಮಕ್ಕಳು, ಸಂಜೆ ಸಂಘದ ಹೆಂಗಸರು ಕೂರುವ ಕಟ್ಟೆಯಲ್ಲಿ ಎಲೆ ಹಾಕಲು ತುಸು ಸಂಕೋಚವಾದೀತು. ಪೂರ್ತಿ ನಿಂತೀತೆಂದು ಹೇಳುವಷ್ಟು ಭೋಳೇತನವೇನೂ ನಮಗಿಲ್ಲ.

ಹಾಗಾಗಿ ಕೇಳುವುದು ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರಿಗೂ ಒಂದು ತೋಪನ್ನೋ ಕಟ್ಟೆಯನ್ನೋ ಕೆರೆ ಏರಿಯನ್ನೋ ಹೆಸರಿಸಿ, ಅದು ಬಯಲು ಶಾಲೆಯೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಸರ್ವೇ ನಂಬರು, ವಿಸ್ತೀರ್ಣ ಅದೇ ಸಾಲಿನಲ್ಲಿ ಇರಲಿ. ವಾರಕ್ಕೊಂದು ಬೆಳಗಿನ ಪೀರಿಯಡ್ಡನ್ನು ಶಾಲೆಗಳು ಅಲ್ಲಿ ನಡೆಸಲಿ. ಅರಿವು ಕೇಂದ್ರದವರು ತಿಂಗಳಿಗೊಮ್ಮೆ ಪುಸ್ತಕದ ಪೆಟ್ಟಿಗೆಯನ್ನು ಅಲ್ಲಿಗೆ ತರಲಿ. ಮಳೆಯ ಲೆಕ್ಕವನ್ನೂ ಕೆರೆಯ ಅಳತೆಯನ್ನೂ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಓದಿ ಹೇಳಲಿ, ಅಧ್ಯಕ್ಷರು ಉತ್ತರ ಕೊಡಲಿ. ಪಾರ್ಕಿಗೆಂದು ಕ್ರಿಯಾಯೋಜನೆಯಲ್ಲಿ ದುಡ್ಡು ಇಟ್ಟಿದ್ದರೆ ಗೇಟು, ಕಾರಂಜಿಗಳ ಬಾಬ್ತು ಹೊಡೆದುಹಾಕಿ ಒಂದು ಕರಿಹಲಗೆ, ನಾಲ್ಕು ಭೂತಗನ್ನಡಿ, ಹತ್ತು ಚಾಪೆ ಎಂದು ಬರೆಯಿರಿ. ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ. ಅಷ್ಟರೊಳಗೆ ಹಲಗೆ ನಿಲ್ಲಬೇಕು, ಬಾಟಲಿಯಲ್ಲಿ ಸೊನ್ನೆಯ ಗೆರೆಯವರೆಗೆ ನೀರು ತುಂಬಿರಬೇಕು.