ವಧು-ವರ ಸಮಾವೇಶವೋ, ಮಾರುಕಟ್ಟೆಯೋ?

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಕೈಗೆತ್ತಿಕೊಂಡು, ಬಣ್ಣ ನೋಡಿ, ಮುರಿದು, ಅನಂತರ ದರ ನಮೂದಿಸುವುದು ವ್ಯಾಪಾರದ ರೀತಿ. ಕಾಯಿಗೆ ಮಾನಾಪಮಾನವಿಲ್ಲ. ಆದರೆ ಸಾಧರ್ಮಿ ಬಂಧುಗಳೇ, ನಮ್ಮ ವಧು-ವರ ಸಮಾವೇಶಗಳಲ್ಲಿ ಕನ್ಯೆಯನ್ನು ವೇದಿಕೆಗೆ ಕರೆದು, ಧ್ವನಿವರ್ಧಕದಲ್ಲಿ ಅವಳ ಎತ್ತರ, ಮೈಬಣ್ಣ, ಸಂಬಳಗಳನ್ನು ಸಾರುವುದು ಯಾವ ಧರ್ಮ?

ಕೆಳಗೆ ಕುಳಿತವರು ಮೊಬೈಲಿನಲ್ಲಿ ಅವಳ ಚಿತ್ರ ತೆಗೆಯುತ್ತಾರೆ. ಪರಿಚಯ ಪುಸ್ತಿಕೆಯಲ್ಲಿ ಅಚ್ಚಾದ ದೂರವಾಣಿ ಸಂಖ್ಯೆ ಯಾರ ಯಾರ ಕೈಗೋ ಸೇರುತ್ತದೆ. ಹೆಣ್ಣು ಸ್ಪಷ್ಟವಾಗಿ ನಿರಾಕರಿಸಿದ ಮೇಲೂ ಅವಳ ಬೆನ್ನುಬಿದ್ದು ಪದೇ ಪದೇ ಸಂಪರ್ಕಿಸುವುದು 2013ರಿಂದಲೇ ದಂಡನೀಯ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮೂ ಅದನ್ನೇ ವಿಧಿಸುತ್ತದೆ. ನಾವು ಅದಕ್ಕೆ ಸಂಖ್ಯೆ ಒದಗಿಸುತ್ತಿದ್ದೇವೆ!

ವಿಧವೆಯರಿಗೂ ವಿಚ್ಛೇದಿತರಿಗೂ ಪುಸ್ತಿಕೆಯ ಕೊನೆಯ ಪುಟ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಪಶುಗಳಿಗೂ ಸ್ಥಾನವಿದೆಯೆಂದು ಪ್ರವಚನದಲ್ಲಿ ಕೇಳಿ ತಲೆದೂಗುವವರು ನಾವೇ. ಸಂತೆಯಲ್ಲಿ ಮಾರಾಟಕ್ಕೆ ನಿಂತ ಚಂದನೆಯೇ ಮಹಾವೀರ ಸ್ವಾಮಿಯ ಸಂಘದಲ್ಲಿ ಆರ್ಯಿಕೆಯರ ಪ್ರಮುಖೆಯಾದಳು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬಸದಿ ಸಮಿತಿಗಳು ಪುಸ್ತಿಕೆಯಲ್ಲಿ ಕಾರ್ಯಾಲಯದ ಸಂಖ್ಯೆಯನ್ನಷ್ಟೇ ಮುದ್ರಿಸಲಿ. ಉಭಯತರು ಒಪ್ಪಿದ ಮೇಲೆ ಮಾತ್ರ ಮನೆಯ ವಿವರ ಕೊಡಲಿ. ಚಿತ್ರೀಕರಣ ನಿಷೇಧಿಸಲಿ. ಅನುಚಿತವಾಗಿ ವರ್ತಿಸಿದವನನ್ನು ಹೊರಗೆ ಕಳುಹಿಸುವ ಅಧಿಕಾರ ಇಬ್ಬರು ಶ್ರಾವಿಕೆಯರಿಗಿರಲಿ, ಅವನು ಮುಖ್ಯ ದಾನಿಯ ಮಗನಾದರೂ ಸರಿಯೇ. (ಅಸಲು ತೊಡಕಿರುವುದು ಇಲ್ಲಿಯೇ.)

ಇಷ್ಟು ಬಿಗಿ ಮಾಡಿದರೆ ಯಾರು ಬರುತ್ತಾರೆಂದು ಕೇಳುವವರಿದ್ದಾರೆ. ಈಗಲೇ ಎಷ್ಟೋ ಹೆಣ್ಣುಮಕ್ಕಳು ಬರಲೊಲ್ಲರು. ತಾಯಿತಂದೆಗಳು ಭಾವಚಿತ್ರ ಹಿಡಿದು ಬರುತ್ತಾರೆ. ಮುಂದಿನ ಆಹ್ವಾನಪತ್ರಿಕೆಯಲ್ಲಿ ದಾನಿಗಳ ಹೆಸರಿಗಿಂತ ಮೇಲೆ ಈ ನಿಯಮಗಳು ಅಚ್ಚಾಗಲಿ.